ಕದ್ರಿಯ ಲೋಕೇಶ್ವರ: ಪೀಠದ ಶಾಸನ ಹೇಳುವುದೇನು?

ನಮ್ಮದು ಆರ್.ಟಿ. ನಗರ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕ ಹೆಬ್ಬಾಳ ಇಲ್ಲಿಗೆ ಹತ್ತಿರವೇ. ಶಾಸನ ನೋಡಬೇಕು ಅಂದರೆ ನಾನು ಊರು ದಾಟಬೇಕಾಗಿಲ್ಲ. ಆದರೂ ಈ ಸಲ ಮಂಗಳೂರಿಗೆ ಹೋಗಿಬಂದೆ. ಕಾರಣ ನಮ್ಮ ಕೆಳಮನೆಯ ಅಜ್ಜಿ.

ಅಜ್ಜಿಯ ತವರು ಕದ್ರಿ. ಅವರ ಮೊಬೈಲಿಗೆ ಒಂದು ಸಂದೇಶ ಬಂದಿತ್ತು: ಕದ್ರಿ ಮಂಜುನಾಥ ದೇವಸ್ಥಾನ ಮೊದಲು ಬೌದ್ಧರದ್ದು, ಒಡೆದು ಕಿತ್ತುಕೊಂಡದ್ದು ಅಂತ. ಅದರ ಕೆಳಗೇ ಇನ್ನೊಬ್ಬರ ಸಿಟ್ಟಿನ ಉತ್ತರ: ಅಲ್ಲಿ ಬೌದ್ಧರು ಇರಲೇ ಇಲ್ಲ, ಎಲ್ಲ ಕಟ್ಟುಕಥೆ. ಅಜ್ಜಿ ನನ್ನನ್ನು ಕರೆದು ಕೇಳಿದರು, "ಹಾಗಾದ್ರೆ ನಾವು ಇಷ್ಟು ವರ್ಷ ಕೈ ಮುಗಿದದ್ದು ಯಾರಿಗೆ ಮಾರಾಯ್ರೆ?"

ಉತ್ತರ ಇರುವುದು ಅದೇ ದೇವಸ್ಥಾನದ ಒಂದು ಕಂಚಿನ ವಿಗ್ರಹದ ಪೀಠದಲ್ಲಿ.

ಕದ್ರಿ ಗುಡ್ಡದ ಬುಡದಲ್ಲಿ ದೇವಸ್ಥಾನ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರಿಗೆ ಅರಬ್ಬೀ ಕಡಲು. ಹಿಂದೆ ಗೋಮುಖದ ನೀರು, ಸಾಲು ಕೆರೆಗಳು, ಇನ್ನೂ ಮೇಲೆ ಹತ್ತಿದರೆ ನಾಥಪಂಥದ ಜೋಗಿ ಮಠ. ನಾನು ಮಂಜುನಾಥನ ದರ್ಶನ ಮುಗಿಸಿ ಲೋಕೇಶ್ವರನ ಮುಂದೆ ನಿಂತೆ. ಕುಳಿತ ಭಂಗಿ, ಮೂರು ಮುಖ, ಆರು ಕೈ, ಎತ್ತರ ಸುಮಾರು ಐದಡಿ. ಕಿರೀಟವನ್ನು ಸ್ವಲ್ಪ ಗಮನವಿಟ್ಟು ನೋಡಿ: ಅಲ್ಲಿ ಪುಟ್ಟದೊಂದು ಧ್ಯಾನಿಬುದ್ಧ ಕುಳಿತಿದ್ದಾನೆ. ಬೋಧಿಸತ್ವ ಅವಲೋಕಿತೇಶ್ವರನನ್ನು ಗುರುತಿಸುವುದೇ ಈ ಚಿಹ್ನೆಯಿಂದ.

ಇನ್ನು ಶಾಸನ. ಭಾಷೆ ಸಂಸ್ಕೃತ, ಶ್ಲೋಕರೂಪ. ಕಾಲವನ್ನು ಅಂಕಿಯಲ್ಲಿ ಬರೆಯದೆ ಮಾತಿನಲ್ಲೇ ಹೇಳಿದ್ದಾರೆ: ಕಲಿಯುಗದ ನಾಲ್ಕು ಸಾವಿರ ವರ್ಷ ಕಳೆದು, ಮತ್ತೆ ಅರವತ್ತೆಂಟು. ಕಲಿ 4068, ಅಂದರೆ ಕ್ರಿ.ಶ. 968 ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಆಳುಪ ದೊರೆ ಕುಂದವರ್ಮ 'ಕದರಿಕಾ' ಎಂಬ ಮನೋಹರವಾದ ವಿಹಾರದಲ್ಲಿ ಲೋಕೇಶ್ವರ ದೇವನನ್ನು ಪ್ರತಿಷ್ಠೆ ಮಾಡಿದ ಎಂಬುದು ವಿಷಯ. ಇಂದಿನ ಕದ್ರಿಯ ಹೆಸರು ಆಗಲೇ ಅಲ್ಲಿದೆ. 'ವಿಹಾರ' ಎಂಬ ಪದ, ಕಿರೀಟದ ಬುದ್ಧ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೌದ್ಧರು ಇರಲೇ ಇಲ್ಲ ಎನ್ನುವ ವಾದ ನಿಲ್ಲುವುದಿಲ್ಲ.

ಆದರೆ ಓದನ್ನು ಅಲ್ಲಿಗೇ ನಿಲ್ಲಿಸಬಾರದು. ಅದೇ ಶಾಸನ ಕುಂದವರ್ಮನನ್ನು ಬಾಲಚಂದ್ರಶಿಖಾಮಣಿಯ ಪಾದಕಮಲದ ದುಂಬಿ ಎಂದು ಕರೆಯುತ್ತದೆ. ತಲೆಯಲ್ಲಿ ಎಳೆಚಂದ್ರನನ್ನು ಮುಡಿದವನು ಯಾರು? ಶಿವ. ಅಂದರೆ ಶಿವಭಕ್ತನಾದ ಅರಸನೇ ವಿಹಾರದಲ್ಲಿ ಬೋಧಿಸತ್ವನನ್ನು ನಿಲ್ಲಿಸಿದ್ದಾನೆ, ಮತ್ತು ಎರಡನ್ನೂ ಒಂದೇ ಪೀಠದ ಮೇಲೆ ಬರೆಸಿದ್ದಾನೆ. ಒಡೆದದ್ದು, ಕಿತ್ತುಕೊಂಡದ್ದು ಎಂಬ ಮಾತು ಶಾಸನದಲ್ಲಿ ಎಲ್ಲೂ ಇಲ್ಲ.

ಕಡಲತಡಿಯಲ್ಲಿ ಅವಲೋಕಿತೇಶ್ವರ ಇರುವುದೂ ಹೊಸತಲ್ಲ. ಹಡಗು ಮುಳುಗುವ ಭಯದಿಂದ ಕಾಯುವವನು ಅವನು ಎಂಬ ನಂಬಿಕೆ ಹಳೆಯದು; ಕಾನ್ಹೇರಿ, ಅಜಂತಾ ಗುಹೆಗಳಲ್ಲಿ ಅವನ ಪಕ್ಕ ಹಡಗನ್ನೇ ಕೆತ್ತಿದ್ದಾರೆ. ನೇಪಾಳದಲ್ಲಿ ಲೋಕೇಶ್ವರನನ್ನೂ ನಾಥಗುರು ಮತ್ಸ್ಯೇಂದ್ರನಾಥನನ್ನೂ ಒಬ್ಬನೇ ಎಂದು ಪೂಜಿಸುತ್ತಾರೆ. ಅದನ್ನು ನೆನೆದರೆ, ಕದ್ರಿ ಗುಡ್ಡದಲ್ಲಿ ಜೋಗಿ ಮಠ ಇರುವುದು ವಿಚಿತ್ರ ಅನ್ನಿಸುವುದಿಲ್ಲ. ಬೌದ್ಧ, ನಾಥ, ಶೈವ ಎಂದು ನಾವು ಈಗ ಎಳೆಯುವ ಗೆರೆ ಆಗ ಇಷ್ಟು ದಪ್ಪ ಇರಲಿಲ್ಲ.

ನಾನು ಹೋದ ದಿನ ಪೀಠಕ್ಕೆ ಹೂವು ಏರಿಸಿದ್ದರು. ಅಕ್ಷರ ಕಂಡದ್ದು ಅಷ್ಟಿಷ್ಟೇ. ಬೇಜಾರಾಗಲಿಲ್ಲ. ಸಾವಿರ ವರ್ಷ ದಾಟಿದ ಮೇಲೂ ಆ ವಿಗ್ರಹ ವಸ್ತುಸಂಗ್ರಹಾಲಯ ಸೇರದೆ ಪೂಜೆಯಲ್ಲೇ ಇದೆಯಲ್ಲ! ನೀವೂ ಹೋದರೆ ಪೀಠ ಮುಟ್ಟಬೇಡಿ, ಉಜ್ಜಬೇಡಿ. ಕಿರೀಟ ನೋಡುವುದನ್ನು ಮಾತ್ರ ಮರೆಯಬೇಡಿ.

ವಾಪಸ್ ಬಂದು ಅಜ್ಜಿಗೆ ಇಷ್ಟನ್ನೂ ಹೇಳಿದೆ. ಪ್ರಸಾದ ಕಣ್ಣಿಗೊತ್ತಿಕೊಂಡು ಅಂದರು, "ಅರಸನಿಗೇ ಅಡ್ಡಿ ಇರಲಿಲ್ಲ ಅಂತಾದ್ರೆ ನನಗೇನು? ಇಬ್ಬರಿಗೂ ಮುಗಿದದ್ದು ಅಂತಾಯ್ತು."