ಚಿತ್ರವಿಲ್ಲದ ಹಾಳೆ

ಹಳೇ ಪುಸ್ತಕ ಕೂಡಿಡುವ ಉಳ್ಳವರ ಲೋಕದಲ್ಲಿ ಗಿಡಮರಗಳ ಚಿತ್ರವಿರುವ ಪುಸ್ತಕಗಳಿಗೆ ಬಹಳ ಬೆಲೆ. ಕೊಳ್ಳುವವನು ಮೊದಲು ಚಿತ್ರದ ಹಾಳೆಗಳನ್ನು ಎಣಿಸುತ್ತಾನೆ. ಹುಳ ತಿಂದಿದೆಯಾ, ಚರ್ಮದ ರಟ್ಟು ಹಳೆಯದೇನಾ ಅಂತ ನೋಡ್ತಾನೆ. ಅದರೊಳಗೆ ಯಾರ ಅರಿವಿದೆ, ಯಾರ ಬೆವರಿದೆ ಅನ್ನೋ ಲೆಕ್ಕ ಹಾಕೋರು ಕಡಿಮೆ. ಆ ಲೆಕ್ಕವನ್ನ ನಾವು ಹಾಕೋಣ. ಒಂದೇ ಪುಸ್ತಕ ಸಾಕು: 'ಹಾರ್ಟಸ್ ಮಲಬಾರಿಕಸ್', ಅಂದ್ರೆ ಮಲಬಾರಿನ ತೋಟ.

ಇದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ, ಲ್ಯಾಟಿನ್ ಭಾಷೆಯಲ್ಲಿ, 12 ಸಂಪುಟಗಳಾಗಿ ಅಚ್ಚಾಯಿತು. 742 ಗಿಡಗಳ ವಿವರ. ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ದೊಡ್ಡ ದೊಡ್ಡ ಚಿತ್ರಗಳು. ಮಾಡಿಸಿದವನು ಕೊಚ್ಚಿಯಲ್ಲಿ ಡಚ್ ಕಂಪನಿಯ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್. ಅವನದು ಬರೀ ಗಿಡದ ಪ್ರೀತಿ ಅಂತ ನಾವು ನಂಬಬೇಕಾಗಿಲ್ಲ. ಕಂಪನಿಗೆ ಮೆಣಸು ಬೇಕಿತ್ತು. ಕಂಪನಿಯ ಸಿಪಾಯಿಗಳಿಗೆ ಔಷಧಿ ಬೇಕಿತ್ತು.

ಆದರೆ ಗಿಡದ ಗುಣ ಹೇಳಿದವರು ಯಾರು? ಮೊದಲ ಸಂಪುಟದಲ್ಲೇ ಸಾಕ್ಷಿಯಿದೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರ ಹೇಳಿಕೆ ಒಂದು ಕಡೆ. ಇನ್ನೊಂದು ಕಡೆ 1675ರ ಏಪ್ರಿಲ್ 20ರ ತಾರೀಖಿನ, ಕೋಲೆಳುತ್ತು ಲಿಪಿಯ ಒಂದು ಹೇಳಿಕೆ. ಬರೆದವನು ಚೇರ್ತಲ ಸೀಮೆಯ ಇಟ್ಟಿ ಅಚ್ಚುತನ್. ಜಾತಿಯಲ್ಲಿ ಈಳವ, ಅಂದ್ರೆ ಹೆಂಡ ಇಳಿಸುವ ಕಸುಬಿನವರು ಅಂತ ಮೇಲ್ಜಾತಿ ದೂರ ನಿಲ್ಲಿಸಿದ್ದ ಜನ. ಅವನದು ತಲೆತಲಾಂತರದ ವೈದ್ಯದ ಮನೆ. ಮನೆಯ ಗ್ರಂಥದಲ್ಲಿದ್ದಂತೆ ಗಿಡಗಳ ಹೆಸರು, ಗುಣ, ಮದ್ದು ಎಲ್ಲವನ್ನೂ ಹೇಳಿದೆ ಅಂತ ಅವನು ಬರೆದುಕೊಟ್ಟ. ದುಭಾಷಿ ಎಮಾನುವೆಲ್ ಕಾರ್ನೇರೊ ಅದನ್ನ ಪೋರ್ಚುಗೀಸಿಗೆ ತಂದ. ಕೊನೆಗೆ ಅದು ಲ್ಯಾಟಿನ್ನಾಯಿತು.

ನಮ್ಮ ಹಿತ್ತಲ ಬಸಳೆಗೆ ಆ ಪುಸ್ತಕದಲ್ಲಿ 'ಬಸೆಲ್ಲ' ಅಂತ ಹೆಸರು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಲೋಕದ ಗಿಡಗಳಿಗೆಲ್ಲ ಶಾಸ್ತ್ರೀಯ ಹೆಸರಿಟ್ಟಾಗ ಅದನ್ನೇ ಉಳಿಸಿಕೊಂಡ. ಕಾಲೇಜಿನಲ್ಲಿ ನಮ್ಮ ಹುಡುಗರು ಲ್ಯಾಟಿನ್ ಅಂತ ಬಾಯಿಪಾಠ ಮಾಡೋದು ನಮ್ಮವ್ವಂದಿರ ಮಾತನ್ನೇ!

ಈಗ ಇತಿಹಾಸದ ಕ್ರೌರ್ಯ ನೋಡಿ. ಅಚ್ಚುತನ್ ಹೆಸರು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿ 246 ವರ್ಷ ಕಳೆದ ಮೇಲೆ, 1924ರಲ್ಲಿ, ಚೇರ್ತಲಕ್ಕೆ ಹಿನ್ನೀರಿನ ಆಚೆ ದಡದ ವೈಕಂನಲ್ಲಿ ಈಳವರೂ ಪುಲಯರೂ ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯೋದಕ್ಕೆ ಸತ್ಯಾಗ್ರಹ ಹೂಡಬೇಕಾಯಿತು. ತಿರುವಾಂಕೂರಿನ ದೇವಸ್ಥಾನಗಳ ಬಾಗಿಲು ತೆರೆದದ್ದು 1936ರಲ್ಲಿ. ಅವನ ಅರಿವು ಸಮುದ್ರ ದಾಟಿತು. ಅವನ ಜನ ಬೀದಿ ದಾಟುವಂತಿರಲಿಲ್ಲ. ಇನ್ನು ಕಾಡು ಹೊಕ್ಕು, ಮರ ಹತ್ತಿ, ಕಾಯಿ ಹೂವು ಕಿತ್ತು ತಂದ ಆಳುಗಳಿಗೆ ಆ ಸಾಕ್ಷಿಯ ಹಾಳೆಯಲ್ಲೂ ಜಾಗವಿಲ್ಲ.

ಇಂಥ ಪುಸ್ತಕಗಳ ವ್ಯಾಪಾರದಲ್ಲಿ ಇನ್ನೊಂದು ಕೆಟ್ಟ ಚಾಳಿಯಿದೆ. ಹೊಲಿಗೆ ಬಿಚ್ಚಿ, ಚಿತ್ರಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಕಟ್ಟು ಹಾಕಿಸಿಕೊಂಡ ತೆಂಗು, ಅಡಕೆ ಯಾರದೋ ಬಂಗಲೆಯ ಗೋಡೆ ಸೇರುತ್ತವೆ. ಅಚ್ಚುತನ್ ಹೇಳಿಕೆಯ ಹಾಳೆಯಲ್ಲಿ ಗಿಡದ ಚಿತ್ರವಿಲ್ಲ. ಅದು ಯಾವ ಗೋಡೆಗೆ ಬೇಕು? ಚಿತ್ರ ಬೇರೆ, ಸಾಕ್ಷಿ ಬೇರೆ ಮಾಡಿದರೆ ಉಳಿಯೋದು ಬರೀ ಅಲಂಕಾರ.

ಕೇರಳದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಈ ಪುಸ್ತಕವನ್ನ ಲ್ಯಾಟಿನ್ನಿನ ಬಂದೀಖಾನೆಯಿಂದ ಬಿಡಿಸಿದರು. 2003ರಲ್ಲಿ ಇಂಗ್ಲಿಷಿಗೆ, 2008ರಲ್ಲಿ ಮಲೆಯಾಳಕ್ಕೆ ಬಂತು. ಮೂಲ ಸಂಪುಟಗಳನ್ನು ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಮೂಲಕ ಕಾಸಿಲ್ಲದೆ ನೋಡಬಹುದು. ಹಳ್ಳಿ ಮೇಷ್ಟ್ರುಗಳು ಮಕ್ಕಳಿಗೆ ತೋರಿಸಲಿ.

ತೋರಿಸಿ ಸುಮ್ಮನಾಗೋದು ಬೇಡ. ಕೇರಿಯಲ್ಲಿ ಮದ್ದು ಕೊಡುವ ಅಜ್ಜಿ, ಕುರಿ ಕಾಯುವ ತಾತ, ಕಾಡಿಂದ ಸೊಪ್ಪು ತರುವ ಅಕ್ಕ, ಇವರ ಬಳಿ ಮಕ್ಕಳು ಹೋಗಲಿ. ಗಿಡದ ಹೆಸರು ಕೇಳಿ ಬರೆದುಕೊಳ್ಳಲಿ. ಅದರ ಪಕ್ಕದಲ್ಲೇ ಹೇಳಿದವರ ಹೆಸರನ್ನೂ, ಅವರನ್ನ ಕೇಳಿಯೇ, ಬರೆಯಲಿ. ನಮ್ಮ ಸಂಗ್ರಹ ಅಲ್ಲಿಂದ ಶುರುವಾಗಲಿ.