ಮೆಮೊರಿಯೊಳಗಿನ ಅನಲಾಗ್ ಗಣನೆ

ಮೆಮೊರಿಯೊಳಗಿನ ಅನಲಾಗ್ ಗಣನೆ ಎಂಬುದು ದತ್ತಾಂಶವನ್ನು ಸಂಗ್ರಹಿಸಿದ ಸ್ಥಳದಲ್ಲಿಯೇ ವಿದ್ಯುತ್ ಪ್ರವಾಹದ ಮೂಲಕ ಲೆಕ್ಕ ಮಾಡುವ, ಮಿಶ್ರಸಂಕೇತ ವಿದ್ಯುನ್ಮಂಡಲ ವಿನ್ಯಾಸದ ಒಂದು ವಿಧಾನ. ಸಾಮಾನ್ಯ ಗಣಕಗಳಲ್ಲಿ ಮೆಮೊರಿ ಮತ್ತು ಪ್ರೊಸೆಸರ್ ಪ್ರತ್ಯೇಕವಾಗಿದ್ದು, ಅವುಗಳ ನಡುವೆ ದತ್ತಾಂಶವನ್ನು ಸಾಗಿಸಲು ಗಣನೆಗಿಂತ ಹೆಚ್ಚು ಶಕ್ತಿ ವ್ಯಯವಾಗುವುದುಂಟು. ಕೃತಕ ನರಜಾಲಗಳಲ್ಲಿ ಈ ವೆಚ್ಚವನ್ನು ತಗ್ಗಿಸುವುದು ಇದರ ಮುಖ್ಯ ಉದ್ದೇಶ.

ಕಾರ್ಯವಿಧಾನ

ಅಡ್ಡ ಮತ್ತು ಉದ್ದ ತಂತಿಗಳ ಜಾಲದ ಪ್ರತಿ ಸಂಧಿಯಲ್ಲಿ ಒಂದು ಮೆಮೊರಿ ಕೋಶವಿರುತ್ತದೆ. ಅದರ ವಾಹಕತೆಯು ನರಜಾಲದ ಒಂದು ತೂಕವನ್ನು ಪ್ರತಿನಿಧಿಸುತ್ತದೆ. ಅಡ್ಡಸಾಲುಗಳಿಗೆ ವೋಲ್ಟೇಜ್ ನೀಡಿದಾಗ ಓಮ್‌ನ ನಿಯಮದಂತೆ ಪ್ರತಿ ಕೋಶದಲ್ಲಿ ಗುಣಾಕಾರವೂ, ಕಿರ್ಚಾಫ್‌ನ ಪ್ರವಾಹ ನಿಯಮದಂತೆ ಪ್ರತಿ ಕಂಬಸಾಲಿನಲ್ಲಿ ಸಂಕಲನವೂ ಏಕಕಾಲದಲ್ಲಿ ನಡೆಯುತ್ತವೆ. ಈ ಮೊತ್ತವನ್ನು ಅನಲಾಗ್-ಡಿಜಿಟಲ್ ಪರಿವರ್ತಕವು ಅಂಕಿಗಳಾಗಿ ಬದಲಿಸುತ್ತದೆ.

ಸವಾಲುಗಳು

ಕೋಶಗಳ ನಡುವಣ ವ್ಯತ್ಯಾಸ, ವಿದ್ಯುತ್ ಗದ್ದಲ ಹಾಗೂ ತಂತಿಗಳ ರೋಧವು ನಿಖರತೆಯನ್ನು ಕುಗ್ಗಿಸುತ್ತವೆ. ಹಂತ-ಬದಲಾವಣೆ ಮೆಮೊರಿಯಲ್ಲಿ ವಾಹಕತೆಯು ಕಾಲಕ್ರಮೇಣ ಇಳಿಯುತ್ತದೆ. ಪರಿವರ್ತಕದ ನಿಖರತೆಯನ್ನು ಹೆಚ್ಚಿಸಿದಷ್ಟೂ ಅದು ಬಳಸುವ ಶಕ್ತಿ ಮತ್ತು ಆಕ್ರಮಿಸುವ ಜಾಗ ಹೆಚ್ಚುವುದರಿಂದ, ಉಳಿತಾಯದ ಬಹುಭಾಗ ಅಲ್ಲಿಯೇ ಕರಗಬಹುದು.

ಸಂಶೋಧನೆ

ಲಿಯಾನ್ ಚುವಾ 1971ರಲ್ಲಿ ಮೆಮ್ರಿಸ್ಟರ್ ಪರಿಕಲ್ಪನೆಯನ್ನು ಮಂಡಿಸಿದರು. 2023ರಲ್ಲಿ ಐಬಿಎಂ ಸಂಶೋಧಕರು ಹಂತ-ಬದಲಾವಣೆ ಮೆಮೊರಿ ಆಧಾರಿತ, 64 ಕೋರ್‌ಗಳ ಮಿಶ್ರಸಂಕೇತ ಚಿಪ್ಪನ್ನು ಪ್ರಕಟಿಸಿದರು. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸುಮಾರು 16,500 ವಾಹಕತಾ ಸ್ಥಿತಿಗಳನ್ನು ತಾಳಬಲ್ಲ ಅಣು-ಪದರದ ಮೆಮ್ರಿಸ್ಟರನ್ನು ವರದಿ ಮಾಡಿದರು.