ರಕ್ತದ ಗುಂಪು ಮತ್ತು ಸಕ್ಕರೆಯ ಗುರುತು

ಕೆಂಪು ರಕ್ತಕಣಗಳ ಹೊರಮೈಯಲ್ಲಿ ಸಕ್ಕರೆ ಅಣುಗಳ ಕಿರುಸರಪಳಿಗಳು ಅಸಂಖ್ಯವಾಗಿ ಚಾಚಿಕೊಂಡಿರುತ್ತವೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದ ರಕ್ತದ ಗುಂಪುಗಳಿಗೆ ಮೂಲ ಇವೇ. ಸರಪಳಿಯ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದಾಗ 'ಎಚ್' ಗುರುತು ಸಿದ್ಧವಾಗುತ್ತದೆ. 'ಒ' ಗುಂಪಿನವರಲ್ಲಿ ಅದು ಹಾಗೆಯೇ ಉಳಿಯುತ್ತದೆ. ಅದಕ್ಕೆ ಗ್ಯಾಲಕ್ಟೋಸ್ ಕೂಡಿದರೆ 'ಬಿ'. ಎನ್-ಅಸಿಟೈಲ್‌ಗ್ಯಾಲಕ್ಟೋಸಮೀನ್ ಕೂಡಿದರೆ 'ಎ'. ವ್ಯತ್ಯಾಸ ಒಂದೇ ಸಕ್ಕರೆಯದು. ಆದರೆ ಹೊಂದದ ರಕ್ತ ನೀಡಿದರೆ ಪ್ರಾಣಕ್ಕೇ ಸಂಚಕಾರ.

ಎಚ್ ಗುರುತೇ ಇಲ್ಲದವರೂ ಇದ್ದಾರೆ. ವೈ.ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಮುಂಬಯಿಯಿಂದ ಇದನ್ನು ವರದಿ ಮಾಡಿದ್ದರಿಂದ 'ಬಾಂಬೆ ಗುಂಪು' ಎಂಬ ಹೆಸರು ಬಂತು. ಭಾರತದಲ್ಲಿ ಸುಮಾರು 10,000 ಮಂದಿಗೆ ಒಬ್ಬರಲ್ಲಿ ಇದು ಕಾಣುತ್ತದೆ.

ತೊಡಕಿರುವುದು ಪರೀಕ್ಷೆಯಲ್ಲಿ. ಎ, ಬಿ ಎರಡೂ ಇಲ್ಲದ ಕಾರಣ ಇವರ ರಕ್ತ ಮೇಲ್ನೋಟಕ್ಕೆ 'ಒ' ಎಂದೇ ತೋರುತ್ತದೆ. ಎಲ್ಲರಿಗೂ ಸಲ್ಲುವುದೆಂದು ಹೆಸರಾದ ಒ ರಕ್ತವೇ ಇವರಿಗೆ ಮಾರಕ! ಇವರ ಪ್ಲಾಸ್ಮಾದಲ್ಲಿ ಎಚ್ ಗುರುತಿನ ವಿರುದ್ಧ ಪ್ರತಿಕಾಯಗಳಿರುತ್ತವೆ. ಆ ಪ್ಲಾಸ್ಮಾವನ್ನು ಒ ಗುಂಪಿನ ಕಣಗಳೊಡನೆ ಬೆರೆಸಿದರೆ ಕಣಗಳು ಗಂಟುಗಟ್ಟಿ ಗುಟ್ಟು ರಟ್ಟಾಗುತ್ತದೆ. ಈ ಮರುಪರೀಕ್ಷೆಯನ್ನು ಕೈಬಿಡುವುದು ಸಲ್ಲದು.

ಇವರಿಗೆ ಬಾಂಬೆ ಗುಂಪಿನ ರಕ್ತವೇ ಆಗಬೇಕು. ತಂದೆತಾಯಿ ಇಬ್ಬರೂ ಈ ಗುಣದ ವಾಹಕರಾಗಿದ್ದರೆ, ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದೇ ಗುಂಪು ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ದಾನಿಗಳ ಹುಡುಕಾಟವನ್ನು ಮನೆಯಿಂದಲೇ ಆರಂಭಿಸುವುದು ವಾಡಿಕೆ.